ಕೈ ಬೀಸಿದವನಿಗೆ ಚಪ್ಪಾಳೆ

ಪ್ರವಾಸಿ ವಿಹಾರ ಇಲಾಖೆಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬರುವ ಭಾನುವಾರ ಕೋಟೆಯ ಕೆಳಗಿನ ಕಡಲತೀರವನ್ನು ಪ್ರವಾಸಿಗರಿಗೆ ಮತ್ತೆ ತೆರೆಯುತ್ತಿದ್ದೀರಿ. ನನ್ನ ತಮ್ಮನಿಗೆ ಮತ್ತೆ ಹಳೆಯ ಕಾಲದ ಕಾವಲುಗಾರನ ಕೋಟು ತೊಡಿಸಿ ಅಲ್ಲಿ ನಿಲ್ಲಿಸುತ್ತಿದ್ದೀರಿ. ಅಂಥದೇ ಕೋಟಿನ ದೆಸೆಯಿಂದ ಕಳೆದ ಸಲ ಒಬ್ಬ ಮನುಷ್ಯ ಸತ್ತ, ಇನ್ನೊಬ್ಬ ಅರ್ಧ ಜೀವವಾಗಿ ದಡಕ್ಕೆ ಬಂದ. ಆ ಇನ್ನೊಬ್ಬನೇ ನನ್ನ ತಮ್ಮ. ಅವನನ್ನು ಆ ವೇಷದಲ್ಲಿ ನೀರಿನ ಹತ್ತಿರ ಕಳಿಸಬೇಡಿ ಎಂದು ಕೇಳುವುದಕ್ಕೆ ಈ ಪತ್ರ. ಮೊದಲು ನಿಮ್ಮ ಕಚೇರಿಗೇ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತು ಎದುರಿನ ಗೋಡೆ ನೋಡಿದೆ. ಗೋಡೆಯ ತುಂಬ ನನ್ನ ತಮ್ಮನ ಫೋಟೋ. ಕೋಟು, ಮೊಣಕಾಲಿನವರೆಗೆ ಬೂಟು, ಸೊಂಟದಲ್ಲಿ ಮರದ ಕತ್ತಿ, ಮುಖದ ಮೇಲೆ ನಗು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಇತಿಹಾಸವೇ ನಿಮ್ಮ ಕಾವಲಿಗಿದೆ’. ಆ ಸಾಲನ್ನು ಯಾರು ಬರೆದರೋ, ಅವರು ಈಜು ಬಲ್ಲವರೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕಚೇರಿಗಳಲ್ಲಿ ನನ್ನ ಬಾಯಿ ಒಣಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ನಾಲ್ಕು ಜನ ಓದುವ ಪತ್ರಿಕೆಯಲ್ಲಿ. ನೀವು ಓದದಿದ್ದರೂ ನಿಮಗೆ ಯಾರಾದರೂ ಓದಿ ಹೇಳಿಯಾರು.

ನಾನು ಯಾರೆಂದು ಹೇಳಿಬಿಡುತ್ತೇನೆ. ಕೋಟೆಗೋಡೆಯಿಂದ ಮರಳಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲ್ತುದಿಯಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟುಕೊಂಡಿರುವವಳು. ‘ಬರಿಗಾಲ ವಿಹಾರ’ ಎಂದು ನೀವೇ ಹೆಸರಿಟ್ಟಿರಲ್ಲ, ಆ ವಿಹಾರಕ್ಕೆ ಬಂದವರು ಬಿಚ್ಚಿಟ್ಟು ಹೋದದ್ದನ್ನು ಕಾಯುವುದು ನನ್ನ ಕೆಲಸ. ಶಾಲೆ ನನ್ನದು ತುಂಡು ತುಂಡು. ಅಮ್ಮ ಹಾಸಿಗೆ ಹಿಡಿದಾಗ ಒಮ್ಮೆ ಬಿಟ್ಟೆ, ಮತ್ತೆ ಸೇರಿದೆ. ತಮ್ಮನನ್ನು ನನ್ನ ಮಡಿಲಿಗೆ ಹಾಕಿ ಅಮ್ಮ ಹೋದ ಮೇಲೆ ಪೂರ್ತಿ ಬಿಟ್ಟೆ. ಹಾಗಾಗಿ ನಿಮ್ಮ ಕಡತದ ಭಾಷೆ ನನಗೆ ಬರುವುದಿಲ್ಲ. ಇನ್ನು ಹೆದರಿಕೆ ನನ್ನ ಹುಟ್ಟುಗುಣ, ಅದನ್ನೂ ಮುಚ್ಚಿಡುವುದಿಲ್ಲ. ಬೀದಿಯ ತಿರುವಿನವರೆಗೆ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುವವಳು ನಾನು. ಸಂಜೆ ಸ್ಟ್ಯಾಂಡಿನಲ್ಲಿ ಒಂದು ಜೊತೆ ಚಪ್ಪಲಿ ಉಳಿದರೆ ಮೆಟ್ಟಿಲ ತುದಿಗೆ ಹೋಗಿ ಕೆಳಗೆ ಇಣುಕುತ್ತೇನೆ. ಹೆಚ್ಚಿನ ಸಲ ಯಾರೋ ಮರೆಗುಳಿ ಬರಿಗಾಲಲ್ಲೇ ಹೋಟೆಲಿಗೆ ಹೋಗಿರುತ್ತಾನೆ, ಮಾರನೇ ದಿನ ಹಲ್ಲುಕಿರಿದು ಬರುತ್ತಾನೆ. ಹಗ್ಗ ಕಂಡರೂ ಹಾವು ಅನ್ನುವವಳು ಎಂದು ನಮ್ಮ ಮನೆಯವರೇ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆದರೆ ಹಾವಿಗೇ ಹಗ್ಗದ ವೇಷ ಹಾಕಿ ದಾರಿಯಲ್ಲಿಟ್ಟವರು ಯಾರು, ಮಾನ್ಯರೇ?

ವೇಷ ಹಾಕುವುದು ನಿಮ್ಮ ಇಲಾಖೆಗೆ ಅಂಟಿಕೊಂಡ ಚಟ. ಊರು ಹಳೆಯದು, ನಿಜ. ಗೋಡೆ ಹಳೆಯದು, ಫಿರಂಗಿ ಹಳೆಯದು, ದೀಪಸ್ತಂಭ ಹಳೆಯದು. ನೋಡಲು ಜನ ಬರುತ್ತಾರೆ, ಅವರಿಂದ ನಮ್ಮ ಹೊಟ್ಟೆ ತುಂಬುತ್ತದೆ. ಬೇಡ ಅನ್ನಲು ನನಗೇನು ಹುಚ್ಚೇ? ಆದರೆ ಹಳೆಯ ಊರಿನಲ್ಲಿ ಹೊಸದೇನೂ ಕಣ್ಣಿಗೆ ಬೀಳಬಾರದು ಎಂದು ನೀವು ಹಟ ಹಿಡಿದಿರಿ. ಕಸದ ಡಬ್ಬಿಗೆ ಹಡಗಿನ ಪೀಪಾಯಿಯ ವೇಷ ಹಾಕಿದಿರಿ. ಪ್ರವಾಸಿಗರು ಅದಕ್ಕೊರಗಿ ಫೋಟೋ ತೆಗೆಸಿಕೊಂಡರು, ಕಸವನ್ನು ಅದರ ಬುಡಕ್ಕೆ ಎಸೆದು ಹೋದರು. ಶೌಚಾಲಯದ ಬೋರ್ಡಿಗೆ ಶಾಸನದ ಅಕ್ಷರ ಬರೆಸಿದಿರಿ. ವಯಸ್ಸಾದವರೊಬ್ಬರು ಅದರ ಮುಂದೆಯೇ ನಿಂತು ನನ್ನನ್ನು ಕೇಳಿದರು, “ಇದು ಮ್ಯೂಸಿಯಮ್ಮಾ? ಟಿಕೆಟ್ ಎಲ್ಲಿ ತಗೋಬೇಕು? ಸ್ವಲ್ಪ ಅವಸರ ಇದೆ.” ಆವತ್ತು ನಾವೆಲ್ಲ ನಕ್ಕೆವು. ನಗುವಂಥದ್ದೇ. ವಸ್ತುವಿಗೆ ವೇಷ ಹಾಕಿದರೆ ಅದು ಏನೆಂದು ಜನಕ್ಕೆ ತಿಳಿಯುವುದಿಲ್ಲ ಎಂಬ ಪಾಠ ಅದರಲ್ಲೇ ಇತ್ತು. ಕಸದ ಡಬ್ಬಿಯಲ್ಲಿ ಕಲಿತಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು.

ನನ್ನ ತಮ್ಮ ಲೈಫ್‌ಗಾರ್ಡ್. ಅವನ ಜೊತೆಗೆ ಇನ್ನೊಬ್ಬನಿದ್ದಾನೆ, ಎಲ್ಲರೂ ಗಿಡ್ಡ ಎನ್ನುತ್ತಾರೆ. ಇವರಿಬ್ಬರು ಹಳದಿ ಚಡ್ಡಿ, ಕೆಂಪು ಬನಿಯನ್ನು ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು, ಎತ್ತರದ ಬಿಳಿ ಕುರ್ಚಿಯ ಮೇಲೆ ಕೂರುತ್ತಿದ್ದರು. ಎಡಗಡೆ ಬುರುಜಿನ ಬುಡದಲ್ಲಿ ನೀರಿಗೆ ಸೆಳವಿದೆ. ಮೇಲೆ ಕನ್ನಡಿಯ ಹಾಗೆ ಕಾಣುತ್ತದೆ, ಕೆಳಗೆ ಕಾಲು ಹಿಡಿದು ಎಳೆಯುತ್ತದೆ. ಅಲ್ಲೊಂದು ಕೆಂಪು ಬಾವುಟ. ಭಾಷೆ ಬಾರದ ಪರದೇಶಿಗೂ ಅದು ತಿಳಿಯುತ್ತಿತ್ತು. ನೀವು ಬಂದಿರಿ. ಬಿಳಿ ಕುರ್ಚಿ ‘ಪರಂಪರೆಯ ನೋಟಕ್ಕೆ ಭಂಗ’ ಎಂದು ತೆಗೆಸಿ, ಆ ಜಾಗದಲ್ಲಿ ಸಿಮೆಂಟಿನ ಫಿರಂಗಿ ಕೂರಿಸಿದಿರಿ. ಒಂಟಿ ಕೆಂಪು ಬಾವುಟ ಬಿಕೋ ಅನ್ನುತ್ತದೆ ಎಂದು ಬಣ್ಣಬಣ್ಣದ ರಾಜಬಾವುಟಗಳನ್ನು ಸಾಲಾಗಿ ನೆಡಿಸಿದಿರಿ. ಅದರಲ್ಲಿ ಕೆಂಪೂ ಒಂದು, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ. ಸೀಟಿಯ ಬದಲು ಕಹಳೆ ಕೊಟ್ಟಿರಿ. ಚಡ್ಡಿ ಬನಿಯನ್ನಿನ ಬದಲು ಉಣ್ಣೆಯ ಕೋಟು ಕೊಟ್ಟಿರಿ. ಮೊಣಕಾಲಿಗೆ ಬರುವ ಕೋಟು, ಕತ್ತಿನಿಂದ ಸೊಂಟದವರೆಗೆ ಹಿತ್ತಾಳೆಯ ಗುಂಡಿ, ಗುಂಡಿಯ ಒಳಗೆ ಮತ್ತೆ ಕೊಕ್ಕೆ. ಬಿಸಿಲಿಗೆ ತಾಳಲಾರದೆ ಒಂದು ದಿನ ಅವನು ಮೇಲಿನ ಗುಂಡಿ ಬಿಚ್ಚಿದ್ದಕ್ಕೆ ನಿಮ್ಮ ಮೇಲ್ವಿಚಾರಕರು ಓಡಿ ಬಂದರು. “ಕಾವಲುಗಾರ ಎದೆ ಬಿಟ್ಕೊಂಡು ನಿಂತ್ರೆ ಇತಿಹಾಸ ಎಲ್ಲಿ ಉಳಿಯುತ್ತಪ್ಪಾ?” ಅಂದರು.

ಮೊದಮೊದಲು ನಮಗೂ ಅದು ತಮಾಷೆಯೇ. ಕೋಟು ಹಾಕಿಕೊಂಡು ಮೆಟ್ಟಿಲಿಳಿಯುವ ನನ್ನ ತಮ್ಮನನ್ನು ಕಂಡು ದೋಣಿಯ ಮುದುಕಪ್ಪ ಕೂಗುತ್ತಿದ್ದ.

“ಏನು ಸೇನಾಪತಿಗಳೇ, ಯುದ್ಧ ಯಾವಾಗ?”

“ಸಂಬಳ ಬಂದ ಮೇಲೆ ಕಣಪ್ಪಾ.”

“ಹಂಗಾದ್ರೆ ನನ್ನ ಕಾಲದಲ್ಲಿ ಆಗಲ್ಲ ಬಿಡು.”

ನಾನು ಮಾತ್ರ ನಗಲಿಲ್ಲ. “ಲೋ, ಈ ಕಂಬಳಿ ಹೊದ್ಕೊಂಡು ನೀರಿಗೆ ಹೆಂಗೆ ಇಳೀತೀಯೋ?” ಅಂದೆ. “ಅಕ್ಕಾ, ಬಿಚ್ಚಿ ಎಸೆದು ಇಳೀತೀನಿ. ನೀನು ಚಪ್ಪಲಿ ನೋಡ್ಕೋ,” ಅಂದ. ಮನೆಯಲ್ಲಿ ಬಿಚ್ಚಿ ತೋರಿಸು ಅಂದೆ. ನಗುತ್ತಲೇ ತೋರಿಸಿದ. ಅವನ ಹೆಂಡತಿ ಅನ್ನ ಬಡಿಸಿ, ಸಾರು ಬಡಿಸಿ, ನೀರಿಟ್ಟು, “ಇನ್ನೂ ಆಗಿಲ್ವೇನ್ರಿ?” ಎಂದು ಕೇಳುವಾಗ ಅವನು ಸೊಂಟದ ಹತ್ತಿರದ ಕೊಕ್ಕೆಯೊಂದಿಗೆ ಗುದ್ದಾಡುತ್ತಿದ್ದ. ಬೂಟು ಇನ್ನೂ ಕಾಲಲ್ಲೇ ಇತ್ತು.

ಇಷ್ಟೇ ಆಗಿದ್ದರೆ ಅದೊಂದು ಕೆಟ್ಟ ಬಟ್ಟೆ ಎಂದು ಸುಮ್ಮನಿರಬಹುದಿತ್ತು. ನಿಮಗೆ ಸಾಲಲಿಲ್ಲ. ದಿನವೂ ಸಂಜೆ ನಾಲ್ಕಕ್ಕೆ ‘ಕೋಟೆಯ ಎಚ್ಚರಿಕೆ’ ಎಂಬ ಆಟ ಶುರು ಮಾಡಿಸಿದಿರಿ. ಸಮುದ್ರದಲ್ಲಿ ಶತ್ರುವಿನ ಹಡಗು ಕಾಣುತ್ತದೆ, ಕಾವಲುಗಾರರು ಜನರನ್ನು ಎಚ್ಚರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಆಟದಲ್ಲಿ ಏನು ಮಾಡಬೇಕೆಂದು ನನ್ನ ತಮ್ಮನಿಗೂ ಗಿಡ್ಡನಿಗೂ ಗೊತ್ತಿರಲಿಲ್ಲ, ಅವರೇನು ನಾಟಕದವರೇ? ಮೇಲ್ವಿಚಾರಕರು, “ಏನಾದ್ರೂ ಮಾಡ್ರಪ್ಪಾ, ಸಹಜವಾಗಿರ್ಲಿ,” ಅಂದರು. ನನ್ನ ತಮ್ಮನಿಗೆ ಬರುತ್ತಿದ್ದ ಅಭಿನಯ ಒಂದೇ. ಯಾರಾದರೂ ಸೆಳವಿನ ಕಡೆ ಹೋದರೆ ತಾನು ಮಾಡುತ್ತಿದ್ದದ್ದನ್ನೇ ಮಾಡಿ ತೋರಿಸಿದ. ಎರಡೂ ಕೈ ತಲೆಯ ಮೇಲೆತ್ತಿ ಅಡ್ಡಡ್ಡ ಬೀಸುವುದು, ನೀರಿನ ಅಂಚಿಗೆ ಓಡುವುದು, “ದಡಕ್ಕೆ ಬನ್ನಿ, ದಡಕ್ಕೆ ಬನ್ನಿ” ಎಂದು ಕೂಗುವುದು. ಸೀಟಿ ಇದ್ದ ಜಾಗದಲ್ಲಿ ಕಹಳೆ, ಅಷ್ಟೇ ವ್ಯತ್ಯಾಸ. ಮೇಲ್ವಿಚಾರಕರಿಗೆ ಬಹಳ ಹಿಡಿಸಿತು. ನಿಮಗೂ ಹಿಡಿಸಿತಂತೆ. ಗೋಡೆಯ ಮೇಲೆ ಜನ ಸಾಲುಗಟ್ಟಿ ನಿಂತರು, ಮಕ್ಕಳು ಹೋಟೆಲಿನ ಅಂಗಳದಲ್ಲಿ ಅದನ್ನೇ ಅನುಕರಿಸಿ ಕುಣಿದರು. ಮುಳುಗುವವನಿಗೆ ಕೊಡುವ ಕೊನೆಯ ಸನ್ನೆ ನಿಮ್ಮ ಕೈಯಲ್ಲಿ ಮನರಂಜನೆಯಾಯಿತು.

ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆ, ಅರ್ಧಕ್ಕೆ ಶಾಲೆ ಬಿಟ್ಟ ನನಗೂ ಗೊತ್ತು. ಆ ಕಥೆಯಲ್ಲಿ ಹುಡುಗ ತನ್ನ ಕುಚೇಷ್ಟೆಗೆ ತಾನೇ ಕೂಗಿದ, ಕೊನೆಗೆ ಅನುಭವಿಸಿದ. ಇಲ್ಲಿ ಹುಲಿ ಬಂತು ಎಂದು ದಿನವೂ ಕೂಗು ಎಂದು ಆಜ್ಞೆ ಕೊಟ್ಟವರು ನೀವು, ವೇಳಾಪಟ್ಟಿ ಹಚ್ಚಿದವರು ನೀವು. ಅನುಭವಿಸಿದವರು ಬೇರೆ. ಯಾವ ಶಾಲೆಯಲ್ಲಿ ಈ ಕಥೆಯನ್ನು ತಿರುವುಮುರುವು ಹೇಳಿಕೊಡುತ್ತಾರೆ, ನಾನು ತಪ್ಪಿಸಿಕೊಂಡ ಶಾಲೆಯಲ್ಲೋ ಅಥವಾ ನೀವು ಪೂರ್ತಿ ಮುಗಿಸಿದ ಶಾಲೆಯಲ್ಲೋ? ನಾನು ಮೇಲ್ವಿಚಾರಕರಿಗೆ ಹೇಳಿದ್ದೆ. “ಸಾರ್, ನಿಜವಾಗ್ಲೂ ಯಾರಾದ್ರೂ ಮುಳುಗಿದ್ರೆ ಜನಕ್ಕೆ ಹೆಂಗೆ ಗೊತ್ತಾಗ್ಬೇಕು?” ಎಂದು ಕೇಳಿದ್ದೆ. “ಅಮ್ಮಾ, ನಿಮಗೆ ಎಲ್ಲದರಲ್ಲೂ ಅಪಶಕುನ,” ಅಂದರು. ಚಪ್ಪಲಿ ಬಿಡುವವರಿಗೆಲ್ಲ ನಾನು ಸೆಳವಿನ ಮಾತು ಹೇಳುತ್ತಿದ್ದೆನಲ್ಲ, ಅದರ ಮೇಲೂ ದೂರು ಹೋಯಿತು. ಪ್ರವಾಸಿಗರಲ್ಲಿ ಭೀತಿ ಹುಟ್ಟಿಸಿದರೆ ಸ್ಟ್ಯಾಂಡ್ ತೆಗೆಸಲಾಗುವುದು ಎಂದು ನಿಮ್ಮ ಕಚೇರಿ ನನಗೆ ಹೇಳಿ ಕಳಿಸಿತು. ಭೀತಿಯನ್ನೇ ಆಟ ಮಾಡಿ ದಿನವೂ ಆಡಿಸುತ್ತಿದ್ದ ಕಚೇರಿ.

ಆ ದಿನದ ಮಾತಿಗೆ ಬರುತ್ತೇನೆ. ಬರೆಯದಿದ್ದರೆ ನಿಮ್ಮ ವರದಿ ಒಂದೇ ಉಳಿಯುತ್ತದೆ.

ಗಂಡ ಹೆಂಡತಿ ಇಬ್ಬರು ಬಂದರು. ಅವನು ಎತ್ತರದ ಆಳು, ಮಾತಿಗೆ ಮುಂಚೆ ನಗು. ಅವಳು ಜೋಪಾನದವಳು, ಇಬ್ಬರ ಬೂಟಿನ ದಾರವನ್ನೂ ಒಟ್ಟಿಗೆ ಗಂಟು ಹಾಕಿ ಕೊಟ್ಟಳು, ಕಳೆದುಹೋಗಬಾರದೆಂದು. ನಾನು ಎಂದಿನಂತೆ, “ಎಡಗಡೆ ಬುರುಜಿನ ಹತ್ರ ಹೋಗ್ಬೇಡಿ, ಅಲ್ಲಿ ಸೆಳವಿದೆ,” ಅಂದೆ.

“ನೀವು ಬೂಟು ನೋಡ್ಕೊಳ್ಳಿ ಅಮ್ಮಾ, ನನ್ನ ನಾನು ನೋಡ್ಕೋತೀನಿ,” ಅಂದ.

“ಹೇಳಿದ್ದು ಕೇಳ್ರಿ ಸ್ವಲ್ಪ,” ಅಂದಳು ಹೆಂಡತಿ. “ಇವರು ಮನೇಲೂ ಹಿಂಗೇ ಅಮ್ಮಾ. ಹೇಳಿದ್ದಕ್ಕೆ ಒಂದು ಹೆಚ್ಚು.”

ಇಬ್ಬರೂ ನಗುತ್ತಾ ಇಳಿದರು. ಅವನು ಹೇಳಿದ ಮಾತು ಕೇಳದವನೇನಲ್ಲ. ಬಲಗಡೆಯೇ ನೀರಿಗೆ ಇಳಿದ, ನಾನು ಮೇಲಿಂದ ನೋಡಿದ್ದೇನೆ. ಈಜುತ್ತಾ ಈಜುತ್ತಾ ನೀರೇ ಅವನನ್ನು ಬುರುಜಿನ ಕಡೆಗೆ ಜರುಗಿಸಿತು. ಮೊದಲು ಅಲ್ಲೊಂದು ಕೆಂಪು ಬಾವುಟ ಒಂಟಿಯಾಗಿ ಇರುತ್ತಿತ್ತು, ಎಷ್ಟು ದೂರ ಬಂದೆನೆಂದು ಈಜುವವನಿಗೆ ತಿಳಿಯುತ್ತಿತ್ತು. ಈಗ ಇದ್ದದ್ದು ಬಣ್ಣಗಳ ತೋರಣ.

ನನ್ನ ತಮ್ಮ ನೋಡಿದ. ಕಹಳೆ ಊದಿದ. ಎರಡೂ ಕೈ ಎತ್ತಿ ಬೀಸಿದ. ಆಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನನ್ನ ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದವರೊಬ್ಬರು, “ಇವತ್ತು ಬೇಗ ಶುರು ಮಾಡಿದ್ರಲ್ಲ,” ಎಂದು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡರು. ಗೋಡೆಯುದ್ದಕ್ಕೂ ಚಪ್ಪಾಳೆ ಎದ್ದಿತು. ನೀರಿನಲ್ಲಿದ್ದವನೂ ನಗುತ್ತಾ ಕೈ ಎತ್ತಿ ಬೀಸಿದ. ಮರಳಿನ ಮೇಲೆ ಅವನ ಹೆಂಡತಿ ಫೋನ್ ಹಿಡಿದು ವೀಡಿಯೊ ತೆಗೆಯುತ್ತಿದ್ದಳು. ತಮ್ಮ ಕೂಗಿದ, “ದಡಕ್ಕೆ ಬನ್ನಿ, ದಡಕ್ಕೆ ಬನ್ನಿ.” ಆ ಮಾತು ಬಾಯಿಪಾಠವಾಗಿದ್ದ ಮಕ್ಕಳು ಗೋಡೆಯ ಮೇಲಿಂದ ಅವನ ಜೊತೆಗೇ ಕೂಗಿದರು. ನಾನು ಕಿರುಚಿದೆ, “ಅದು ಆಟ ಅಲ್ಲ, ನಿಜ ಕಣ್ರೋ.” ನನ್ನ ಕಡೆ ತಿರುಗಿ ನೋಡಿ ನಕ್ಕರು. ನನ್ನನ್ನೂ ಆಟದವಳೆಂದುಕೊಂಡರು.

ನೀರಿನಲ್ಲಿದ್ದವನು ಮತ್ತೆ ಕೈ ಎತ್ತಿದಾಗ ಅವನ ಮುಖದಲ್ಲಿ ನಗುವಿರಲಿಲ್ಲ. ಅಷ್ಟು ದೂರಕ್ಕೆ ಅದು ಯಾರಿಗೆ ಕಾಣಬೇಕು? ನನ್ನ ತಮ್ಮನಿಗೆ ಕಂಡಿತು. ಗಿಡ್ಡ ಆ ತುದಿಯಲ್ಲಿದ್ದ, ಇವನೇ ಓಡಿದ. ಒದ್ದೆ ಮರಳಿನಲ್ಲಿ ಬೂಟು ಹೂತಿತು, ಎದ್ದು ಮತ್ತೆ ಓಡಿದ. ಓಡುತ್ತಲೇ ಗುಂಡಿ ಕಿತ್ತ. ಒಂದು ತೋಳು ಹೊರಗೆ ಬಂತು, ಇನ್ನೊಂದು ಬರಲಿಲ್ಲ. ಅರ್ಧ ಕೋಟು ಹಿಂದೆ ಎಳೆದಾಡುತ್ತಿರುವಂತೆಯೇ ನೀರಿಗೆ ಬಿದ್ದ. ಅಲೆಯೊಂದು ಬಂದು ಅವನನ್ನು ಮಗುಚಿತು, ಕೋಟು ಅವನ ತಲೆಗೇ ಸುತ್ತಿಕೊಂಡಿತು. ಆ ಕೋಟಿನೊಳಗಿಂದ ಎರಡು ಕೈ ಮಾತ್ರ ಮೇಲೆ ಬಂದು ಹೋದದ್ದನ್ನು ನಾನು ನೋಡಿದೆ. ಎತ್ತಿ ಆಡಿಸಿದ ಕೈಗಳು ಅವು. ಚಪ್ಪಾಳೆ ಆಗಲೂ ನಿಂತಿರಲಿಲ್ಲ, ಮಾನ್ಯರೇ. ಅದು ಒಮ್ಮೆಲೇ ನಿಲ್ಲಲೂ ಇಲ್ಲ. ಗೋಡೆಯ ಆ ಕಡೆ ನಿಂತಿತು, ಈ ಕಡೆ ನಡೆದಿತ್ತು. ಕೊನೆಗೆ ಯಾವುದೋ ಒಂದು ಮಗು ಮಾತ್ರ ತಟ್ಟುತ್ತಿತ್ತು, ಅದರ ಅಮ್ಮ ಅದರ ಕೈ ಹಿಡಿದಳು.

ದೋಣಿಯ ಮುದುಕಪ್ಪನೂ ಗಿಡ್ಡನೂ ಹಗ್ಗ ಎಸೆದು ಇಬ್ಬರನ್ನೂ ಎಳೆದು ತಂದರು. ನನ್ನ ತಮ್ಮ ನೀರು ಕಾರಿದ, ಉಸಿರಾಡಿದ. ಆ ಎತ್ತರದ ಮನುಷ್ಯ ಉಸಿರಾಡಲಿಲ್ಲ.

ಕತ್ತಲಾಗುವ ಮುಂಚೆ ಅವನ ಹೆಂಡತಿ ಮೆಟ್ಟಿಲು ಹತ್ತಿ ಬಂದಳು. ಯಾರೋ ಹೊದಿಸಿದ ಟವಲ್ಲು ಮೈಮೇಲಿತ್ತು, ಕಾಲು ಬರಿದು. ನಾನು ಇಬ್ಬರ ಬೂಟನ್ನೂ ಎತ್ತಿ ಕೊಟ್ಟೆ. ಗಂಟು ಬಿಚ್ಚಲು ಅವಳ ಕೈಗೆ ಆಗಲಿಲ್ಲ, ನಾನೇ ಬಿಚ್ಚಿದೆ. ಅವಳು ಅಳಲಿಲ್ಲ. ನನ್ನ ಮುಖ ನೋಡಿ, “ನಾನೂ ಚಪ್ಪಾಳೆ ತಟ್ಟಿದ್ನಲ್ಲಮ್ಮಾ,” ಅಂದಳು. “ಫೋನನ್ನ ಕಂಕುಳಲ್ಲಿಟ್ಕೊಂಡು ತಟ್ಟಿದೆ.” ನಾನು, “ನಿಮಗೆ ಹೆಂಗೆ ಗೊತ್ತಾಗ್ಬೇಕು ತಾಯೀ, ಯಾರಿಗೂ ಗೊತ್ತಾಗ್ಲಿಲ್ಲ,” ಅಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಹಾಗೇ ನಡೆದು ಹೋದಳು.

ಆ ಫೋನಿನ ವೀಡಿಯೊವನ್ನು ನಿಮ್ಮ ವಿಚಾರಣೆಯವರು ಪಡೆದುಕೊಂಡರು. ಅದರಲ್ಲಿ ಕಹಳೆಯ ಸದ್ದಿದೆ, ಕೈ ಬೀಸಿದ್ದಿದೆ, ದಡಕ್ಕೆ ಬನ್ನಿ ಎಂದದ್ದಿದೆ. ನಿಮ್ಮ ತೀರ್ಮಾನ ಬಂತು: ‘ಸೂಕ್ತ ಎಚ್ಚರಿಕೆ ನೀಡಲಾಗಿತ್ತು, ಪ್ರವಾಸಿಗರು ಅದನ್ನು ನಿರ್ಲಕ್ಷಿಸಿದರು.’ ಎಷ್ಟು ಚೊಕ್ಕಟವಾದ ವಾಕ್ಯ. ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗುವುದೇ ಇಲ್ಲ. ಎಚ್ಚರಿಕೆ ಕೊಟ್ಟದ್ದು ಹೌದು. ಅವರು ಬರದಿದ್ದದ್ದು ಹೌದು. ಅದೇ ಎಚ್ಚರಿಕೆಯನ್ನು ದಿನವೂ ಆಟವಾಡಿಸಿ ಅದರ ಬೆಲೆ ಕಳೆದವರು ಯಾರೆಂಬ ಒಂದು ಮಾತು ಮಾತ್ರ ಅದರಲ್ಲಿಲ್ಲ. ಆ ವಾಕ್ಯವನ್ನು ಆ ಹೆಂಗಸು ಓದುತ್ತಾಳೆಂದು ನಿಮಗೆ ಹೊಳೆಯಿತೇ? ತಾನು ತಟ್ಟಿದ ಚಪ್ಪಾಳೆಯನ್ನು ಹೊತ್ತುಕೊಂಡು ಬದುಕುತ್ತಿರುವವಳಿಗೆ, ಹೌದಮ್ಮಾ, ನಿರ್ಲಕ್ಷ್ಯ ನಿನ್ನ ಗಂಡನದೇ, ನಿನ್ನದೇ ಎಂದು ಮೊಹರು ಹಾಕಿ ಕಳಿಸಿದಿರಿ.

ಈಗ ಅದೇ ಮಾತನ್ನು ನನ್ನ ತಮ್ಮನ ಬಾಯಲ್ಲಿ ಹೇಳಿಸಬೇಕಾಗಿದೆ ನಿಮಗೆ. ಪ್ರವಾಸಿಗ ಎಚ್ಚರಿಕೆ ಕೇಳಿಯೂ ಬರಲಿಲ್ಲ ಎಂದು ಅವನು ಹೇಳಿಕೆ ಕೊಟ್ಟರೆ ಭಾನುವಾರದಿಂದ ಕೆಲಸಕ್ಕೆ ಬರಬಹುದು. ಕೊಡದಿದ್ದರೆ ನೀರಿಗೆ ಇಳಿಯಲು ತಡ ಮಾಡಿದ ತಪ್ಪು ಅವನದು. ತಡವೇಕಾಯಿತು ಎಂದು ಯಾರಾದರೂ ಕೇಳಿದರೇ? ಕೇಳಿದರೆ ಗುಂಡಿಗಳ ವಿಷಯ ಬರುತ್ತದಲ್ಲ, ಅದಕ್ಕೇ ಕೇಳಲಿಲ್ಲ. ನನ್ನ ತಮ್ಮ ಆ ದಿನದಿಂದ ಗುಂಡಿಯಿರುವ ಅಂಗಿ ಹಾಕುವುದಿಲ್ಲ. ತಲೆಯ ಮೇಲಿಂದ ಎಳೆದುಕೊಳ್ಳುವ ಬನಿಯನ್ನು ತೊಟ್ಟರೂ, ಕಣ್ಣಿಗೆ ಬಟ್ಟೆ ಅಡ್ಡ ಬರುವ ಆ ಒಂದು ಕ್ಷಣ ಗೋಡೆ ಹಿಡಿದುಕೊಳ್ಳುತ್ತಾನೆ. “ಆ ಸನ್ನೆ ಆಟಕ್ಕೆ ಕೊಟ್ಟೋನು ನಾನೇ ಅಲ್ವಾ ಅಕ್ಕಾ,” ಅನ್ನುತ್ತಾನೆ. ಬೇರೆ ಏನೂ ಅನ್ನುವುದಿಲ್ಲ. ಕೇಳಿದವರಿಗೆ ತನಗೆ ಗೊತ್ತಿದ್ದದ್ದನ್ನು ಕೊಟ್ಟವನು ಕುಗ್ಗಿ ಕೂತಿದ್ದಾನೆ. ಕೇಳಿ ಪಡೆದವರು ಮೀಟಿಂಗಿನಲ್ಲಿದ್ದಾರೆ.

ಕಳೆದ ವಾರ ನಿಮ್ಮ ಮೇಲ್ವಿಚಾರಕರು ಮನೆಗೆ ಬಂದಿದ್ದರು. ಅವರೂ ಮಕ್ಕಳೊಂದಿಗರು, ಕೆಟ್ಟವರಲ್ಲ. ಹೊಸ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತರು.

“ಈ ಸಲ ಹಗುರ ಬಟ್ಟೆ ಹಾಕ್ಸಿದ್ದೀವಮ್ಮಾ. ಸಾಹೇಬ್ರೇ ನಿಂತು ಆರಿಸಿದ್ದು.”

“ಗುಂಡಿ?” ಅಂದೆ.

“ಗುಂಡಿ ಇದ್ದೇ ಇದೆ. ಗುಂಡಿ ಇಲ್ದೆ ಕೋಟು ಹೆಂಗಾಗುತ್ತೆ?”

“ಆಟ?”

“ಆಟಕ್ಕೇ ಅಲ್ವೇನಮ್ಮಾ ಜನ ಬರೋದು. ನನ್ನ ಕೈಲಿ ಏನಿದೆ ಹೇಳಿ.”

ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದವಳೇ ಕುರ್ಚಿಯ ಮೇಲಿನ ಕೋಟನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಬಕೆಟ್ಟಿನಲ್ಲಿ ಮುಳುಗಿಸಿದಳು. ಮೇಲ್ವಿಚಾರಕರು ಗಾಬರಿಯಾಗಿ ಹಿಂದೆಯೇ ಓಡಿದರು.

“ಏನಮ್ಮಾ ಇದು, ಇಲಾಖೆಯ ವಸ್ತು ಅದು.”

“ಹೊಸ ಬಟ್ಟೆ, ಒಂದ್ಸಲ ನೀರಿಗೆ ಹಾಕಿ ಕೊಡೋಣ ಅಂತ,” ಅಂದಳು. “ಈಗ ಎತ್ತಿ ನೋಡಿ ಸಾರ್.”

ಅವರು ಒಂದು ಕೈ ಹಾಕಿದರು. ಆಮೇಲೆ ಎರಡನೆಯದನ್ನೂ ಹಾಕಿದರು. ಕೋಟು ಬಕೆಟ್ಟಿನಿಂದ ಅರ್ಧ ಬಂದು ನಿಂತಿತು, ನೀರು ಅವರ ಪ್ಯಾಂಟಿನ ಮೇಲೆ ಸುರಿಯಿತು.

“ಇದನ್ನ ಹಾಕ್ಕೊಂಡು ಇನ್ನೊಬ್ಬರನ್ನ ಹೊತ್ಕೊಂಡು ಬರ್ಬೇಕು ಇವರು,” ಅಂದಳು. “ನೀವು ನೆಲದ ಮೇಲೆ ನಿಂತಿದ್ದೀರ.”

ಅವರು ಕೋಟನ್ನು ಮೆಲ್ಲಗೆ ಬಕೆಟ್ಟಿಗೇ ಬಿಟ್ಟರು. ಹೊಸಿಲು ದಾಟುವಾಗ ನನ್ನ ಕಡೆ ನೋಡದೆ, “ಸಾಹೇಬ್ರಿಗೆ ಹೇಳ್ತೀನಿ,” ಅಂದರು. ಹೇಳಿದರೋ ಇಲ್ಲವೋ ನಿಮಗೇ ಗೊತ್ತು. ಕೋಟು ಮೂರು ಬಿಸಿಲು ಕಂಡು ಒಣಗಿತು. ಗಿಡ್ಡ ಬಂದು ಕಚೇರಿಗೆ ಒಯ್ದ.

ಇಷ್ಟಾದ ಮೇಲೂ ನನ್ನ ತಮ್ಮ ಹೋಗುತ್ತಾನಂತೆ. ಹೇಳಿಕೆಯನ್ನೂ ಕೊಡುತ್ತಾನಂತೆ. ನಾನು ಕೂಗಾಡಿದೆ. “ಆ ಹೆಂಗಸಿನ ಮುಖ ನೆನಪಿಸ್ಕೊಳ್ಳೋ. ಸತ್ತೋನ ಮೇಲೆ ತಪ್ಪು ಹೊರಿಸಿ ಬರ್ತೀಯಾ?” ಅಂದೆ.

“ಅಕ್ಕಾ, ನಾನು ಹೋಗ್ದಿದ್ರೆ ನನ್ನ ಜಾಗಕ್ಕೆ ಯಾರನ್ನ ತಗೋತಾರೆ ಗೊತ್ತಾ? ನಾಟಕದ ಕಂಪನಿಯೋನು. ಆಟ ನನಗಿಂತ ಚೆನ್ನಾಗಿ ಆಡ್ತಾನೆ. ಗಿಡ್ಡ ಕೇಳ್ದ, ಈಜು ಬರುತ್ತೇನಪ್ಪಾ ಅಂತ. ಕಲೀತೀನಿ ಅಂದ್ನಂತೆ.”

ಕಡಲಿಗೆ ಹೆದರಿಯೂ, ಕೋಟಿಗೆ ಹೆದರಿಯೂ ಅವನು ಹೋಗುತ್ತಿರುವುದು ಅಲ್ಲಿ ಈಜು ಬಲ್ಲವನೊಬ್ಬನಾದರೂ ಇರಲಿ ಎಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಹಿರಿಯರು ಆಡಿಕೊಳ್ಳುತ್ತಿದ್ದರು. ನೀವು ಸೂರೆ ಹೋದ ಮೇಲೂ ಬಾಗಿಲು ಹಾಕಲಿಲ್ಲ. ಬಾಗಿಲಿಗೆ ಬಣ್ಣ ಬಳಿಸುತ್ತಿದ್ದೀರಿ.

ಪರಂಪರೆ ಬೇಡವೇ ಎಂದು ನೀವು ಕೇಳಬಹುದು. ಆ ಗೋಡೆಯನ್ನು ಕಟ್ಟಿದವರು ಅದನ್ನು ಫೋಟೋಗೆ ಕಟ್ಟಲಿಲ್ಲ, ಮಾನ್ಯರೇ. ಹಡಗಿನಲ್ಲಿ ಬರುವ ಸಾವನ್ನು ದೂರದಿಂದಲೇ ಕಂಡು ಊರಿಗೆ ತಿಳಿಸಲು ಕಟ್ಟಿದರು. ಆ ಕಾಲದಲ್ಲಿ ಕಾವಲುಗಾರ ಕಹಳೆ ಊದಿದರೆ ಜನ ಮಕ್ಕಳನ್ನೆತ್ತಿಕೊಂಡು ಓಡುತ್ತಿದ್ದರೇ ಹೊರತು ನಿಂತು ಚಪ್ಪಾಳೆ ತಟ್ಟುತ್ತಿರಲಿಲ್ಲ. ಹಳೆಯದರಲ್ಲಿ ಉಳಿಸಿಕೊಳ್ಳಬೇಕಾದದ್ದು ಅದಾಗಿತ್ತು. ನೀವು ಗುಂಡಿಗಳನ್ನು ಉಳಿಸಿಕೊಂಡಿರಿ. ಬೇಕಾದರೆ ಗೋಡೆಯ ಮೇಲೆ ನಟರನ್ನು ನಿಲ್ಲಿಸಿ, ಕತ್ತಿ ಕೊಡಿ, ಕುದುರೆ ಕೊಡಿ, ಹಾಡಿಸಿ, ಕುಣಿಸಿ. ನಾನೂ ನೋಡುತ್ತೇನೆ. ಮರಳಿಗೆ ಮಾತ್ರ ನಾಟಕ ಇಳಿಯಬಾರದು.

ನನಗೆ ಪರಿಹಾರ ಬೇಡ, ಯಾರನ್ನೂ ಕೆಲಸದಿಂದ ತೆಗೆಯುವುದೂ ಬೇಡ. ಭಾನುವಾರ ನನ್ನ ತಮ್ಮನೂ ಗಿಡ್ಡನೂ ಚಡ್ಡಿ ಬನಿಯನ್ನಿನಲ್ಲಿ, ಕೊರಳಲ್ಲಿ ಸೀಟಿಯೊಂದಿಗೆ, ಕೈಯಲ್ಲಿ ತೇಲುವ ಟ್ಯೂಬಿನೊಂದಿಗೆ ಇಳಿಯಬೇಕು. ಕೈ ಬೀಸುವ ಆ ಆಟ ನಿಲ್ಲಬೇಕು, ಬೇರೆ ಹೆಸರಿನಲ್ಲಿಯೂ ಬರಬಾರದು. ಬುರುಜಿನ ಬುಡದಲ್ಲಿ ಕೆಂಪು ಬಾವುಟ ಒಂದೇ ಇರಬೇಕು, ಬಿಕೋ ಎಂದರೂ ಸರಿಯೇ. ನಿಮ್ಮ ವರದಿಯಲ್ಲಿ ಇನ್ನೊಂದು ವಾಕ್ಯ ಸೇರಬೇಕು: ಎಚ್ಚರಿಕೆಯನ್ನು ನಾವೇ ಆಟವಾಗಿಸಿದ್ದರಿಂದ ಅದು ಎಚ್ಚರಿಕೆಯೆಂದು ಯಾರಿಗೂ ತಿಳಿಯಲಿಲ್ಲ ಎಂದು. ಅದನ್ನು ಆ ಹೆಂಗಸಿಗೆ ಕಳಿಸಬೇಕು. ಅವಳ ಕೈಗಳಿಗೆ ಅಷ್ಟಾದರೂ ಬಿಡುಗಡೆ ಸಿಗಲಿ.

ಇದಾವುದೂ ಆಗದೆ ಹೋದರೆ, ಭಾನುವಾರ ಬೆಳಗ್ಗೆ ನಾನು ನನ್ನ ಜಾಗದಲ್ಲೇ ಇರುತ್ತೇನೆ. ಮೆಟ್ಟಿಲಿಳಿಯುವ ಪ್ರತಿಯೊಬ್ಬರನ್ನೂ ನಿಲ್ಲಿಸಿ ಹೇಳುತ್ತೇನೆ, ಕೆಳಗೆ ನಿಂತಿರುವವನು ನಟನಲ್ಲ, ನನ್ನ ತಮ್ಮ. ಅವನು ಕೈ ಬೀಸಿದರೆ ಚಪ್ಪಾಳೆ ತಟ್ಟಬೇಡಿ, ನೀರಿನಿಂದ ಎದ್ದು ಓಡಿ ಬನ್ನಿ. ಅವನು ಮುಳುಗಿದರೆ ಹಗ್ಗ ಎಸೆಯಿರಿ. ಭೀತಿ ಹುಟ್ಟಿಸಿದಳೆಂದು ನೀವು ಸ್ಟ್ಯಾಂಡ್ ತೆಗೆಸಬಹುದು. ತೆಗೆಸಿ. ಸ್ಟ್ಯಾಂಡ್ ಇಲ್ಲದೆಯೂ ಆ ಮೆಟ್ಟಿಲ ಮೇಲೆ ನಿಲ್ಲಬಹುದು, ನಿಂತು ನೋಡಿದ್ದೇನೆ. ಜನ ನನ್ನನ್ನು ಕಂಡು ನಕ್ಕಾರು. ನಗುತ್ತಲೇ ಇಳಿದಾರು. ಅವರಲ್ಲಿ ಒಬ್ಬರಿಗಾದರೂ ಬೇಕಾದ ಹೊತ್ತಿಗೆ ನನ್ನ ಮಾತು ನೆನಪಾದರೆ ಸಾಕು.

ಇಂತಿ,
ನಿಮ್ಮ ಕಡತದಲ್ಲಿ ಭೀತಿ ಹುಟ್ಟಿಸುವವಳು, ಮನೆಯಲ್ಲಿ ಅಕ್ಕ,
ಭಾನುವಾರದವರೆಗಂತೂ ಕಡಲ ಮೆಟ್ಟಿಲ ಮೇಲೆ ಚಪ್ಪಲಿ ಕಾಯುವ ಹೆಂಗಸು